ಮನೆ ಚಿತ್ರಕ್ಕೆ ‘ಘರ’ ಅಂದ ಹುಡುಗಿ

ನಲಿಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಪದ್ಧತಿ. ಆ ತರಗತಿಗೆ ಟೀಚರಾಗಿ ಬಂದ ಮೊದಲ ವರ್ಷ ಒಂದು ಕಾರ್ಡು ಮಾಡಿದ್ದೆ. ಮೇಲೆ ಮನೆಯ ಚಿತ್ರ, ಕೆಳಗೆ ದೊಡ್ಡದಾಗಿ ‘ಮ’. ಬಣ್ಣ ಹಚ್ಚಲು ಒಂದು ಸಂಜೆ ಹಿಡಿದಿತ್ತು. ತಾಂಡಾದಿಂದ ಬರುತ್ತಿದ್ದ ಹುಡುಗಿಗೆ ತೋರಿಸಿ “ಇದೇನು?” ಅಂದೆ. “ಘರ” ಅಂದಳು. “ಹಾಗಾದ್ರೆ ಈ ಅಕ್ಷರ?” ಸ್ವಲ್ಪ ಯೋಚಿಸಿ “ಘ” ಅಂದಳು.

ಅವಳದೇನೂ ತಪ್ಪಿಲ್ಲ. ಚಿತ್ರ ನೋಡು, ಹೆಸರು ಹೇಳು, ಮೊದಲ ಸದ್ದು ಹಿಡಿ ಅಂತ ನಾನೇ ಹೇಳಿಕೊಟ್ಟಿದ್ದೆ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಮಾತ್ರ ಆ ದಾರಿ ‘ಮ’ಕ್ಕೆ ಹೋಗುತ್ತದೆ.

ನಮ್ಮದು ವಿಜಯನಗರ ಜಿಲ್ಲೆಯ ಒಂದು ಸರ್ಕಾರಿ ಶಾಲೆ. 1ರಿಂದ 3ನೇ ತರಗತಿ ಒಂದೇ ಕೋಣೆಯಲ್ಲಿ. ಕನ್ನಡ, ಲಂಬಾಣಿ, ಉರ್ದು, ಒಂದೆರಡು ತೆಲುಗು ಮನೆಗಳ ಮಕ್ಕಳು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿಕಲಿಯಲ್ಲಿ ಅ ಆ ಇ ಈ ಕ್ರಮ ಇಲ್ಲ. ರ, ಗ, ಸ, ದ, ಅ ಇಂದ ಶುರು. ಈ ಐದು ಬಂದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮಗು ಮೊದಲ ತಿಂಗಳಲ್ಲೇ ‘ಓದಿದೆ’ ಅಂತ ಹಿಗ್ಗುತ್ತದೆ. ಆದರೆ ಅಗಸ ಅಂದರೆ ನಮ್ಮ ಕನ್ನಡದ ಮಕ್ಕಳಿಗೂ ಗೊತ್ತಿಲ್ಲ. “ಅಗಸಿ ಬಾಗ್ಲಾ ಟೀಚರ್?” ಅಂತ ಒಬ್ಬ ಕೇಳಿದ್ದ. ಓದುವುದು ಬಂತು, ಅರ್ಥ ಊರ ಬಾಗಿಲಲ್ಲೇ ನಿಂತಿತು.

ಮೊದಲು ಚಿತ್ರಗಳನ್ನು ಬದಲಿಸಿದೆ. ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಹೆಸರಿರುವ ಸಾಮಾನು ಹುಡುಕಿದೆ. ಬಸ್ಸು, ರಬ್ಬರು, ಟಯರು, ಪಂಪು, ಡಬ್ಬಿ. ಕನ್ನಡ ಕಲಿಸೋಕೆ ಇಂಗ್ಲಿಷ್ ಪದ ಬೇಕಾಯ್ತಾ ಅಂತ ಜೊತೆಯವರೊಬ್ಬರು ನಕ್ಕರು. ನಗಲಿ ಬಿಡಿ. ಟಯರು ಉರುಳಿಸದ ಮಗು ನಮ್ಮೂರಲ್ಲಿ ಇಲ್ಲ.

ಆಮೇಲೆ ಎರಡು ವಾರ ಅಕ್ಷರವನ್ನೇ ತೋರಿಸಲಿಲ್ಲ. ಬರೀ ಕಿವಿಗೆ ಕೆಲಸ. ಗ-ರ-ಗ-ಸ, ನಾಲ್ಕು ಚಪ್ಪಾಳೆ. ‘ಅರಸ’ದಲ್ಲಿ ಅ ನುಂಗಿದರೆ ಏನು ಉಳೀತು? ರಸ. ಲಂಬಾಣಿ ಪದ, ಉರ್ದು ಪದ ಯಾವುದಾದರೂ ಸರಿ, ತಟ್ಟಿ ತುಂಡು ಮಾಡಬೇಕು. ಆ ಆಟದಲ್ಲೇ ಒಂದು ಸಂಗತಿ ಕಂಡಿತು. ಮಹಾಪ್ರಾಣ ಅಂದರೆ ನಮ್ಮ ಕನ್ನಡ ಮಕ್ಕಳು ಒದ್ದಾಡುತ್ತಾರೆ. ಘಂಟೆ ಅವರ ಬಾಯಲ್ಲಿ ಗಂಟೆ. ಮನೆಯಲ್ಲಿ ಘರ, ಘೋಡೋ ಅನ್ನುವ ತಾಂಡಾದ ಮಕ್ಕಳಿಗೆ, ಭಾಯಿ, ಖಾನಾ ಅನ್ನುವ ಉರ್ದು ಮಕ್ಕಳಿಗೆ ಅದು ಸಲೀಸು. ಉರ್ದು ಮಕ್ಕಳಿಗೆ ಕಷ್ಟವಾಗುವುದು ಳ ಮತ್ತು ಣ. ಬಾಳೆಹಣ್ಣು ‘ಬಾಲೆಹನ್ನು’ ಆಗುತ್ತದೆ. ಅದರ ಸರದಿ ಬಂದಾಗ ಕನ್ನಡದವರು ಮುಂದೆ ಬರುತ್ತಾರೆ. ಘ ಕಲಿಸುವ ದಿನ ಮಾತ್ರ ಆ ‘ಘರ’ದ ಹುಡುಗಿಯೇ ಟೀಚರ್. ಅಂಗೈ ಬಾಯಿಯ ಮುಂದೆ ಹಿಡಿಸಿ, ಗಾಳಿ ಬಡಿಯಿತಾ ಅಂತ ಒಬ್ಬೊಬ್ಬರನ್ನೂ ಕೇಳಿದಳು. ನಾನು ಅಷ್ಟು ಚೆನ್ನಾಗಿ ಕಲಿಸುತ್ತಿರಲಿಲ್ಲ.

ಜಾಸ್ತಿ ತಲೆ ಕೆಟ್ಟದ್ದು ಕಾಗುಣಿತದಲ್ಲಿ. ಕ ಕಾ ಕಿ ಕೀ ಅಂತ ಹಾಡಿದಂತೆ ಹೇಳುತ್ತಿದ್ದರು. ಮಧ್ಯದಿಂದ ‘ಕೂ’ ತೋರಿಸಿದರೆ ಮತ್ತೆ ಕ ಇಂದ ಎಣಿಸಿಕೊಂಡು ಬರಬೇಕು. ಬಸ್ ನಿಲ್ದಾಣದ ಹೆಸರು ಎಣಿಸಿದ ಹಾಗೆ! ಅಡ್ಡ ಸಾಲು ಬಿಟ್ಟು ಉದ್ದ ಸಾಲು ಹಿಡಿದೆ. ರಿ, ಗಿ, ಸಿ, ದಿ. ಸ್ವರ ಒಂದೇ, ಅಕ್ಷರ ಬೇರೆ. ಆಗ ‘ಇ’ ಕಿವಿಗೆ ಬಿತ್ತು.

ಕಣ್ಣಿಗೂ ಬೀಳಬೇಕಲ್ಲ? ಮದುವೆ ಕರೆಯೋಲೆಗಳ ಹಿಂದೆ ಅಕ್ಷರಗಳನ್ನು ತಲಕಟ್ಟು ಇಲ್ಲದೆ ಬರೆದೆ. ತಲಕಟ್ಟು, ಇಳಿ, ಗುಡಿಸು, ಕೊಂಬು ಬೇರೆ ಬೇರೆ ಚೂರು. ತಲಕಟ್ಟು ತೆಗೆ, ಗುಡಿಸು ಇಡು, ‘ರಿ’ ಆಯ್ತು. ಅಕ್ಷರದೊಳಗಿನ ‘ಅ’ ಹೋಗಿ ‘ಇ’ ಬಂತು ಅನ್ನುವುದನ್ನು ಬಾಯಲ್ಲಿ ಎಷ್ಟು ಹೇಳಿದರೂ ಆರು ವರ್ಷದ ಮಗುವಿಗೆ ತಿಳಿಯದು. ಬೆರಳಿಂದ ಚೂರು ಎತ್ತಿಟ್ಟರೆ ತಿಳಿಯುತ್ತದೆ. ರ ಗ ಸ ದ ನಾಲ್ಕಕ್ಕೂ ತಲಕಟ್ಟಿದೆ, ಹಾಗಾಗಿ ಆಟ ಸುಲಭ. ಜ, ಬ, ಲ, ಟ ಬಂದಾಗ ಸಿಕ್ಕಿಬಿದ್ದೆ. ಅವಕ್ಕೆ ತಲಕಟ್ಟೇ ಇಲ್ಲ, ಗುಡಿಸು ಮೈಯಲ್ಲೇ ಕೂರುತ್ತದೆ. ಅವನ್ನು ‘ಹಟಮಾರಿಗಳು’ ಅಂತ ಬೇರೆ ಡಬ್ಬಿಯಲ್ಲಿಟ್ಟೆವು. ಹೆಸರಿಟ್ಟಿದ್ದು ಮಕ್ಕಳೇ.

ದೀಪಾವಳಿ ಆದ ಮೇಲೆ ಆ ಹುಡುಗಿ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋದಳು. ಬಂದದ್ದು ಯುಗಾದಿ ಕಳೆದು. ಕಲಿಕಾ ಏಣಿಯಲ್ಲಿ, ಅಂದರೆ ಪ್ರತಿ ಮಗು ತನ್ನ ವೇಗದಲ್ಲಿ ಹತ್ತುವ ಕಲಿಕೆಯ ಮೆಟ್ಟಿಲುಗಳಲ್ಲಿ, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಮುಂದುವರಿಯಬಹುದು, ನಲಿಕಲಿಯ ದೊಡ್ಡ ಅನುಕೂಲ ಅದು. ಆದರೆ ಅರ್ಧ ಅಕ್ಷರ ಮರೆತಿದ್ದಳು. ಚೂರಿನ ಡಬ್ಬಿ ಮಾತ್ರ ಮರೆತಿರಲಿಲ್ಲ. ತಾನೇ ಹೋಗಿ ಇಳಿಸಿಕೊಂಡಳು.

ಈಗ ಅವಳು ಮೂರನೇ ತರಗತಿ. ಒತ್ತಕ್ಷರ ನಡೆದಿದೆ. ಅಮ್ಮ, ಅಕ್ಕ, ಅಜ್ಜ ಬಂತು. ‘ಸೂರ್ಯ’ ಮಾತ್ರ ‘ಸೂಯ್ರ’. “ಮೊದಲು ಹೇಳೋದನ್ನ ಆಮೇಲೆ ಯಾಕೆ ಬರೀತೀರಿ ಟೀಚರ್?” ಅಂದಳು. ಎಲ್ಲರೂ ಹಾಗೇ ಬರೆಯೋದು ಅಂದೆ. ಎಂಥ ಉತ್ತರ ಅದು! ಮರುದಿನ ‘ರ್’ ಒಂದು ಚೂರು, ‘ಯ’ ಒಂದು ಚೂರು ಮಾಡಿ ಕೊಟ್ಟೆ. ಹೇಳುವಾಗ ‘ರ್’ ಮುಂದೆ, ಬರೆಯುವಾಗ ಅದು ‘ಯ’ವನ್ನು ದಾಟಿ ಅರ್ಕಾವತ್ತಾಗಿ ಆ ಕಡೆ ಕೂರಬೇಕು. ಸದ್ಯ ಆ ಚೂರನ್ನು ಕುಂಟೆಬಿಲ್ಲೆಯ ಹಾಗೆ ಹಾರಿಸುತ್ತಿದ್ದಾಳೆ. ಐದು ಸಲದಲ್ಲಿ ಮೂರು ಸಲ ಸೂರ್ಯ, ಎರಡು ಸಲ ಸೂಯ್ರ.