ಆರ್ಟ್ಸ್ ಪಿಯುಸಿ, ಜಿಎನ್‌ಎಂ, ಆಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ: ನನ್ನ ಅನುಭವ

ಜಿಎನ್‌ಎಂ (ಜನರಲ್ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಅನ್ನುವ ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. ಡಿಪ್ಲೊಮಾ ಎಂಜಿನಿಯರಿಂಗ್ ಮಾಡಿದವರು ನೇರವಾಗಿ ಎರಡನೇ ವರ್ಷದ ಬಿಇಗೆ ಸೇರುತ್ತಾರಲ್ಲ, ಹಾಗೆ ನಾವೂ ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷಕ್ಕೆ ಹೋಗಬಹುದಾ? ಆಗಲ್ಲ. ನಾಲ್ಕು ವರ್ಷದ ಬಿಎಸ್ಸಿಗೆ ಮಧ್ಯದಲ್ಲಿ ಹೋಗಿ ಕೂರುವ ದಾರಿ ನಮಗಿಲ್ಲ. ನಮಗೆ ಇರುವುದು ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್. ಎರಡು ವರ್ಷದ ಕೋರ್ಸು. ಕರ್ನಾಟಕದಲ್ಲಿ ಇದರ ಪರೀಕ್ಷೆ ನಡೆಸಿ ಡಿಗ್ರಿ ಕೊಡುವುದು ಹೆಚ್ಚಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಡಿಪ್ಲೊಮಾ ತನಕ ನಮ್ಮ ಪರೀಕ್ಷೆಯೆಲ್ಲ ನರ್ಸಿಂಗ್ ಬೋರ್ಡಿನದು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವುದು ಇಲ್ಲಿಂದಲೇ.

ಇದಕ್ಕೆ ಬೇಕಾದದ್ದು ಪಿಯುಸಿ ಪಾಸು, ಜಿಎನ್‌ಎಂ ಪಾಸು, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಅಂತ ರಿಜಿಸ್ಟ್ರೇಶನ್, ಜೊತೆಗೆ ವೈದ್ಯಕೀಯ ಫಿಟ್ನೆಸ್. ಪಿಯುಸಿಯಲ್ಲಿ ಸೈನ್ಸೇ ಇರಬೇಕು ಅಂತಿಲ್ಲ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ನಾನು ಓದಿದ್ದು ಆರ್ಟ್ಸ್: ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ನಾಲ್ಕು ವರ್ಷದ ಬಿಎಸ್ಸಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು, ಹಾಗಾಗಿ ಆ ಬಾಗಿಲು ನನಗೆ ಮೊದಲೇ ಮುಚ್ಚಿತ್ತು. ಜಿಎನ್‌ಎಂ ಮೂಲಕ ಬಂದದ್ದಕ್ಕೇ ಡಿಗ್ರಿ ಸಿಕ್ಕಿತು. ನಾನು ಮಾಡುವಾಗ ಜಿಎನ್‌ಎಂ ಮೂರೂವರೆ ವರ್ಷ ಇತ್ತು, ಈಗ ಮೂರೇ ವರ್ಷ.

ಕೆಲಸ ಬಿಡುತ್ತೇನೆ ಅಂದಾಗ ನಮ್ಮ ವಾರ್ಡಿನ ಆಯಾ ಕೇಳಿದ್ದು, "ಯಾಕ್ರೀ ಸಿಸ್ಟರ್, ಇಷ್ಟ ವರ್ಷ ಡ್ಯೂಟಿ ಮಾಡಿ ಮತ್ತ ಸಾಲಿಗೆ ಹೊಂಟೀರೇನು?" ಅತ್ತೆಯ ಪ್ರಶ್ನೆಯೂ ಹೆಚ್ಚುಕಮ್ಮಿ ಅದೇ, ಸ್ವಲ್ಪ ಖಾರವಾಗಿತ್ತು ಅಷ್ಟೇ. ನನ್ನ ಲೆಕ್ಕ ಬೇರೆ ಇತ್ತು. ಏಮ್ಸ್‌ನ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್‌ಗೆ ಜಿಎನ್‌ಎಂ ಆದವರೂ ಕೂರಬಹುದು, ಆದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಡಬೇಕು. ಡಿಗ್ರಿ ಇದ್ದರೆ ಆ ಷರತ್ತಿಲ್ಲ. ಎಂಎಸ್ಸಿ ಮಾಡಬೇಕು, ಕಾಲೇಜಿನಲ್ಲಿ ಪಾಠ ಹೇಳಬೇಕು ಅಂದರಂತೂ ಡಿಗ್ರಿ ಇಲ್ಲದೆ ಆಗುವುದೇ ಇಲ್ಲ. ಇನ್ನೊಂದು ಕಾರಣವೂ ಇತ್ತು. ನನ್ನ ಹತ್ತಿರ ಕ್ಯಾನುಲಾ ಹಾಕುವುದು ಕಲಿತ ಬಿಎಸ್ಸಿ ಹುಡುಗಿ ಇನ್‌ಚಾರ್ಜ್ ಆದಳು, ನಾನು ಅವಳಿಗೇ ಹ್ಯಾಂಡೋವರ್ ಕೊಡುತ್ತಿದ್ದೆ. ಅವಳ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಒಳಗೊಳಗೇ ಚುಚ್ಚುತ್ತಿತ್ತು.

ಈಗ ಕಾಗದಪತ್ರದ ವಿಷಯ. ಸೀಟು ಹುಡುಕುವ ಮೊದಲೇ ಇದನ್ನು ಶುರು ಮಾಡಿ. ಕೆಲವು ಖಾಸಗಿ ಆಸ್ಪತ್ರೆಗಳು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತವೆ. ನಾನಿದ್ದ ಕಡೆಯೂ ಇಟ್ಟುಕೊಂಡಿದ್ದರು. ಬಾಯಿಮಾತಿನಲ್ಲಿ ಕೇಳಿದರೆ "ನಾಳೆ ಬನ್ನಿ, ಎಚ್‌ಆರ್ ರಜೆ ಮೇಲಿದಾರೆ" ಅಂತಲೇ ಕಾಲ ಕಳೆಯುತ್ತಾರೆ. ರಾಜೀನಾಮೆ ಪತ್ರದಲ್ಲೇ ಯಾವ ಯಾವ ಒರಿಜಿನಲ್ ವಾಪಸ್ ಬೇಕು ಅಂತ ಪಟ್ಟಿ ಬರೆದು, ಎರಡನೇ ಪ್ರತಿಗೆ ಸೀಲು ಸಹಿ ಹಾಕಿಸಿಕೊಂಡೆ. ಆಮೇಲೆ ಅವರೇ ಫೋನ್ ಮಾಡಿ ಕರೆದು ಕೊಟ್ಟರು. ಅನುಭವ ಪತ್ರವನ್ನೂ ಆಗಲೇ ಕೇಳಿ ತಗೊಳ್ಳಿ. ಅದರಲ್ಲಿ ಆಸ್ಪತ್ರೆಯ ಹಾಸಿಗೆ ಸಂಖ್ಯೆ, ನೀವು ಸೇರಿದ ತಾರೀಖು, ಬಿಟ್ಟ ತಾರೀಖು ಮೂರೂ ಇರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ತಲೆನೋವು ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ, ಡಿಪ್ಲೊಮಾದಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ, ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು. ನಮ್ಮ ಕಡೆ ಇದು ಮನೆಮನೆಯ ಕಥೆ, ಅಲ್ವಾ? ಎಲ್ಲವೂ ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹಾಗೇ ಇರಬೇಕು ಅಂತ ಹಟ ಹಿಡಿದು ಮೊದಲು ಆಧಾರ್ ಸರಿ ಮಾಡಿಸಿ. ಕೌನ್ಸಿಲ್ ರಿಜಿಸ್ಟ್ರೇಶನ್ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ, ರಿನ್ಯೂವಲ್ ಬಾಕಿ ಇದ್ದರೆ ಕಟ್ಟಿ. ಈಗ ನರ್ಸ್‌ಗಳಿಗೆಲ್ಲ ದೇಶಮಟ್ಟದ ಎನ್‌ಯುಐಡಿ ನಂಬರ್ ಕೊಡುತ್ತಾರೆ, ಅದನ್ನೂ ಮಾಡಿಸಿಟ್ಟುಕೊಂಡರೆ ಒಳ್ಳೆಯದು. ಬೇರೆ ರಾಜ್ಯದಲ್ಲಿ ಜಿಎನ್‌ಎಂ ಮಾಡಿದವರಿಗೆ ಕೆಲಸ ಇನ್ನೂ ಜಾಸ್ತಿ, ಆ ರಾಜ್ಯದ ಕೌನ್ಸಿಲ್‌ನಿಂದ ಎನ್‌ಒಸಿ ತರಬೇಕು, ಇಲ್ಲಿ ರಿಜಿಸ್ಟ್ರೇಶನ್ ಮಾಡಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ.

ಕಾಲೇಜು ಆರಿಸುವ ವಿಷಯದಲ್ಲಿ ನಾನು ಸ್ವಲ್ಪ ಒರಟಾಗಿಯೇ ಹೇಳುತ್ತೇನೆ. "ಕ್ಲಾಸಿಗೆ ಬರೋದು ಬೇಡ ಮೇಡಂ, ಪರೀಕ್ಷೆಗೆ ಬಂದರೆ ಸಾಕು, ನೀವು ಡ್ಯೂಟಿ ಮಾಡ್ಕೊಂಡೇ ಇರಿ" ಅಂತ ಏಜೆಂಟರು ಫೋನ್ ಮಾಡುತ್ತಾರೆ. ನನಗೂ ಮಾಡಿದ್ದರು. ಸಂಬಳ ನಿಲ್ಲಲ್ಲ, ಡಿಗ್ರಿಯೂ ಬರುತ್ತದೆ, ಯಾರಿಗೆ ಬೇಡ ಹೇಳಿ. ಆದರೆ ನಿಯಮದ ಪ್ರಕಾರ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ 80 ಶೇಕಡಾ ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಿಸುವಂತಿಲ್ಲ, ಪ್ರಾಕ್ಟಿಕಲ್ ಗಂಟೆಗಳನ್ನಂತೂ ಡಿಗ್ರಿ ಕೊಡುವ ಮೊದಲು ನೂರಕ್ಕೆ ನೂರು ಮುಗಿಸಬೇಕು. ಅಂದಮೇಲೆ ಮನೆಯಲ್ಲಿ ಕೂತವರ ಹಾಜರಾತಿ ಎಲ್ಲಿಂದ ಬರುತ್ತದೆ? ಸುಳ್ಳು ಬರೆದೇ ಬರಬೇಕು. ಅದೇ ಅವಧಿಗೆ ಇನ್ನೊಂದು ಆಸ್ಪತ್ರೆಯ ಅನುಭವ ಪತ್ರವೂ ನಿಮ್ಮ ಹತ್ತಿರ ಇದ್ದರೆ, ಮುಂದೆ ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆಯಲ್ಲಿ ಎರಡೂ ಕಾಗದ ಒಂದೇ ಮೇಜಿನ ಮೇಲೆ ಬರುತ್ತವೆ. ಆಗ ಏಜೆಂಟ್ ಫೋನ್ ಎತ್ತಲ್ಲ.

ಕಾಲೇಜಿಗೆ ಹೋದಾಗ ನಾನು ಕಟ್ಟಡ ನೋಡಲಿಲ್ಲ, ಅವರ ಆಸ್ಪತ್ರೆ ನೋಡಿದೆ. ಓಪಿಡಿ ಹೊತ್ತಿಗೆ ಸುಮ್ನೆ ಹೋಗಿ ಬೆಂಚಿನ ಮೇಲೆ ಕೂತೆ. ರೋಗಿಗಳು ಬರುತ್ತಾರಾ, ಹೆರಿಗೆ ವಾರ್ಡಿನಲ್ಲಿ ಹಾಸಿಗೆ ತುಂಬಿದೆಯಾ, ಮಕ್ಕಳ ವಾರ್ಡ್ ಇದೆಯಾ ಅಥವಾ ಬರೀ ಬೋರ್ಡ್ ಇದೆಯಾ. ಮಾನ್ಯತೆ ಕೇಳುವಾಗಲೂ "ಕಾಲೇಜಿಗೆ ಇದೆ" ಅಂದರೆ ಬಿಡಬೇಡಿ. ನಾಲ್ಕು ವರ್ಷದ ಬಿಎಸ್ಸಿಗೆ ಬೇರೆ, ಪೋಸ್ಟ್ ಬೇಸಿಕ್‌ಗೆ ಬೇರೆ ಅನುಮತಿ ಇರುತ್ತದೆ. ಆ ವರ್ಷಕ್ಕೆ, ಆ ಕೋರ್ಸಿಗೆ, ಎಷ್ಟು ಸೀಟು ಅಂತ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ನೀವೇ ನೋಡಿ. ಹೊರರಾಜ್ಯಕ್ಕೋ ಹೊರದೇಶಕ್ಕೋ ಹೋಗುವ ಯೋಚನೆ ಇದ್ದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪಟ್ಟಿಯನ್ನೂ ನೋಡಿ.

ಕೆಲಸ ಬಿಡಲು ಆಗುವುದೇ ಇಲ್ಲ ಅನ್ನುವವರಿಗೆ ದೂರಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋ ಈ ಕೋರ್ಸನ್ನು ನಡೆಸಿಕೊಂಡು ಬಂದಿದೆ. ಪ್ರವೇಶ ಪರೀಕ್ಷೆ ಇರುತ್ತದೆ, ಸೇವೆಯಲ್ಲಿರಬೇಕು, ಅನುಭವ ಕೇಳುತ್ತಾರೆ, ಅವಧಿಯೂ ಎರಡು ವರ್ಷಕ್ಕಿಂತ ಹೆಚ್ಚು. ಸೇರುವ ಮೊದಲು ಆ ವರ್ಷದ ಪ್ರಕಟಣೆ ಓದಿಕೊಳ್ಳಿ.

ದುಡ್ಡಿನ ಬಗ್ಗೆ ಉದ್ದ ಹೇಳಲ್ಲ. ಟ್ಯೂಷನ್ ಫೀಸ್ ಒಂದನ್ನೇ ಕೇಳಿ ಬರಬೇಡಿ. ಯೂನಿಫಾರ್ಮ್, ಬಸ್ಸು, ಹೊರಗಿನ ಆಸ್ಪತ್ರೆಯ ತರಬೇತಿ (ಪೋಸ್ಟಿಂಗ್) ಫೀಸು, ಪರೀಕ್ಷಾ ಶುಲ್ಕ ಎಲ್ಲ ಸೇರಿಸಿ ಎರಡು ವರ್ಷಕ್ಕೆ ಎಷ್ಟು ಅಂತ ಬರೆಸಿಕೊಳ್ಳಿ. ನಿಮ್ಮ ವರ್ಗಕ್ಕೆ ಬರುವ ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಮೊದಲೇ ಹೊಸದು ಮಾಡಿಸಿ.

ಇನ್ನು ಓದು. ಮೊದಲ ವರ್ಷ ನರ್ಸಿಂಗ್ ಫೌಂಡೇಶನ್, ಮೆಡಿಕಲ್ ಸರ್ಜಿಕಲ್, ತಾಯಿ ಮತ್ತು ಮಕ್ಕಳ ನರ್ಸಿಂಗ್, ಸೈಕಾಲಜಿ, ನ್ಯೂಟ್ರಿಶನ್, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಜೊತೆ ಬಯೋಫಿಸಿಕ್ಸ್, ಇಂಗ್ಲಿಷ್. ವಾರ್ಡಿನ ವಿಷಯಗಳು ನಮಗೆ ಕಷ್ಟ ಆಗಲಿಲ್ಲ. ಆರ್ಟ್ಸ್‌ನಿಂದ ಬಂದ ನನಗೆ ಬಯೋಕೆಮಿಸ್ಟ್ರಿ ಪುಸ್ತಕ ತೆರೆದರೆ ಸಾಕು ನಿದ್ದೆ ಬರುತ್ತಿತ್ತು. ಜೀವಕೋಶ ಆಹಾರದಿಂದ ಶಕ್ತಿ ಪಡೆಯುವ ಕ್ರೆಬ್ಸ್ ಸೈಕಲ್ ಅಂತ ಒಂದು ಚಕ್ರ, ಅದರ ಸುತ್ತ ಹೆಸರುಗಳ ಜಾತ್ರೆ.

ಅದು ತಲೆಗೆ ಹತ್ತಿದ್ದು ಡಿಕೆಎ (ಡಯಾಬಿಟಿಕ್ ಕೀಟೋಅಸಿಡೋಸಿಸ್) ಪಾಠದ ದಿನ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ಬರುವ ರೋಗಿಗಳನ್ನು ನಾನು ಐಸಿಯುನಲ್ಲಿ ಎಷ್ಟೋ ಸಲ ನೋಡಿಕೊಂಡಿದ್ದೆ. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ, ಜೋರು ಜೋರಾದ ಆಳದ ಉಸಿರು, ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡುವ ಜಿಆರ್‌ಬಿಎಸ್, ಇನ್ಸುಲಿನ್ ಇನ್‌ಫ್ಯೂಷನ್, ಪೊಟ್ಯಾಸಿಯಂ ರಿಪೋರ್ಟಿಗೆ ಲ್ಯಾಬಿಗೆ ಫೋನ್ ಮೇಲೆ ಫೋನ್. ಎಲ್ಲ ಮಾಡುತ್ತಿದ್ದೆ, ಆರ್ಡರ್ ಇದೆ ಅಂತ ಮಾಡುತ್ತಿದ್ದೆ. ಆ ದಿನ ಮೇಡಂ ಬೋರ್ಡಿನ ಮೇಲೆ ಬಾಣ ಹಾಕುತ್ತಾ ಹೋದರು. ಇನ್ಸುಲಿನ್ ಇಲ್ಲದೆ ಜೀವಕೋಶಕ್ಕೆ ಸಕ್ಕರೆ ದಕ್ಕಲ್ಲ, ಅದಕ್ಕೆ ಮೈ ಕೊಬ್ಬನ್ನು ಒಡೆಯುತ್ತದೆ, ಕೀಟೋನ್ ಹುಟ್ಟುತ್ತದೆ, ರಕ್ತ ಹುಳಿಯಾಗುತ್ತದೆ. ಆ ಹುಳಿಯನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಹಾಕಲು ರೋಗಿ ಹಾಗೆ ಉಸಿರು ಎಳೆಯುತ್ತಾನೆ. ನಾವು ಇನ್ಸುಲಿನ್ ಕೊಟ್ಟ ತಕ್ಷಣ ಸಕ್ಕರೆ ಜೊತೆ ಪೊಟ್ಯಾಸಿಯಂ ಕೂಡ ಜೀವಕೋಶದ ಒಳಗೆ ನುಗ್ಗುತ್ತದೆ, ರಕ್ತದಲ್ಲಿ ದಿಢೀರ್ ಇಳಿಯುತ್ತದೆ, ಹೃದಯದ ಬಡಿತ ಕೆಡುತ್ತದೆ. ಲ್ಯಾಬಿಗೆ ಫೋನ್ ಮಾಡಿ ಮಾಡಿ ಬೈಸಿಕೊಂಡದ್ದು ಯಾಕೆ ಅಂತ ಆವತ್ತು ಗೊತ್ತಾಯಿತು! ಅಲ್ಲಿಂದ ಮುಂದೆ ಪ್ರತಿ ಪಾಠಕ್ಕೂ ನನ್ನ ವಾರ್ಡಿನ ಒಬ್ಬ ರೋಗಿಯನ್ನು ಹುಡುಕಿಕೊಂಡು ಓದಿದೆ. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಗುರುತಿಸುವ ಗ್ರಾಂ ಸ್ಟೇನ್ ಅಂದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಕಲ್ಚರ್ ಪರೀಕ್ಷೆಗೆ ಸ್ಯಾಂಪಲ್ ಯಾಕೆ ತೆಗೆಯಬೇಕು ಅನ್ನುವ ಹಳೆಯ ಜಗಳ. ನ್ಯೂಟ್ರಿಶನ್ ಅಂದರೆ ಡಯಾಲಿಸಿಸ್ ರೋಗಿಗೆ ಪೊಟ್ಯಾಸಿಯಂ ತುಂಬಿದ ಎಳನೀರು ಕೊಡಲು ಬರುವ ನೆಂಟರು. ಸೈನ್ಸ್ ಓದದವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಕೆಲಸ ಮಾಡಿ ಬಂದವರು ಸಿಕ್ಕಿಬೀಳುವುದು ರೋಗಿಯ ಆರೈಕೆಯನ್ನು ಹಂತಹಂತವಾಗಿ ಬರೆಯುವ ಕೇರ್ ಪ್ಲಾನ್‌ನಲ್ಲಿ. ಉಬ್ಬಸದ ರೋಗಿ ಬಂದರೆ ನಾವು ಯೋಚಿಸದೆ ತಲೆದಿಂಬು ಏರಿಸಿ ಕೂರಿಸುತ್ತೇವೆ. ಕೇರ್ ಪ್ಲಾನ್ ಹಾಳೆಯಲ್ಲಿ ಅದಕ್ಕೊಂದು ಸಾಲು, ಪಕ್ಕದಲ್ಲಿ ರ‍್ಯಾಷನೇಲ್ ಅಂತ ಇನ್ನೊಂದು ಕಾಲಂ. ಯಾಕೆ ಕೂರಿಸಿದಿರಿ? ವಪೆ ಕೆಳಗಿಳಿದು ಶ್ವಾಸಕೋಶ ಹಿಗ್ಗಲು ಜಾಗ ಸಿಗುತ್ತದೆ, ಅದಕ್ಕೆ. ಹಾಗೆ ಪ್ರತಿಯೊಂದಕ್ಕೂ ಬರೆಯಬೇಕು. ಕೊನೆಗೆ ಇವ್ಯಾಲ್ಯುಯೇಶನ್, ಅಂದರೆ ಕೂರಿಸಿದ ಮೇಲೆ ಉಸಿರು ನಿಮಿಷಕ್ಕೆ 32 ಇದ್ದದ್ದು ಎಷ್ಟಕ್ಕೆ ಬಂತು. ಮೊದಮೊದಲು ನಮ್ಮ ಬ್ಯಾಚಿನವರೆಲ್ಲ ಗೊಣಗಿದ್ದೇ ಗೊಣಗಿದ್ದು. ಡ್ರಿಪ್‌ನದೂ ಇದೇ ಕಥೆ. ಸೀನಿಯರ್ ಸ್ಟಾಫ್ ಕಣ್ಣಳತೆಯಲ್ಲಿ ಬಿಡುತ್ತಾರೆ, ಪರೀಕ್ಷಕರು ಲೆಕ್ಕ ಕೇಳುತ್ತಾರೆ. 500 ಎಂಎಲ್, 8 ಗಂಟೆಗೆ, ಒಂದು ಎಂಎಲ್‌ಗೆ 20 ಹನಿಯ ಸೆಟ್ ಆದರೆ ನಿಮಿಷಕ್ಕೆ ಸುಮಾರು 21 ಹನಿ. ಬಾಯಲ್ಲೇ ಹೇಳಲು ಬರಬೇಕು.

ಎರಡನೇ ವರ್ಷ ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ, ಸೋಶಿಯಾಲಜಿ, ನರ್ಸಿಂಗ್ ಎಜುಕೇಶನ್, ಅಡ್ಮಿನಿಸ್ಟ್ರೇಶನ್, ರಿಸರ್ಚ್ ಮತ್ತು ಸ್ಟಾಟಿಸ್ಟಿಕ್ಸ್. ಸೋಶಿಯಾಲಜಿ ತರಗತಿಯಲ್ಲಿ ಆರ್ಟ್ಸ್‌ನವಳಾದ ನಾನೇ ರಾಣಿ. ಮಾನಸಿಕ ಆರೋಗ್ಯದ ಪೋಸ್ಟಿಂಗ್ ನಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಇತ್ತು. ಅಲ್ಲಿ ಪ್ರೊಸೆಸ್ ರೆಕಾರ್ಡಿಂಗ್ ಬರೆಸುತ್ತಾರೆ: ರೋಗಿ ಏನಂದರು, ನಾನು ಏನಂದೆ, ಹಾಗೇ ಪದಪದವಾಗಿ, ಪಕ್ಕದಲ್ಲಿ ನನ್ನ ಮಾತು ಎಂಥದು ಅಂತ. ನಮ್ಮ ಕಡೆ ಸ್ಟಾಫ್ ಎಲ್ಲರೂ ದಿನಕ್ಕೆ ನೂರು ಸಲ ಹೇಳುವ "ಏನೂ ಆಗಂಗಿಲ್ಲ ಬಿಡ್ರಿ" ಅನ್ನುವ ಮಾತು ಅಲ್ಲಿ ಫಾಲ್ಸ್ ರೀಅಶೂರೆನ್ಸ್, ಅಂದರೆ ಸುಳ್ಳು ಭರವಸೆ ಅನ್ನುವ ಖಾನೆಗೆ ಬೀಳುತ್ತದೆ. ಆ ಮಾತಿಲ್ಲದೆ ಹೇಗಪ್ಪಾ ಮಾತಾಡೋದು ಅಂತ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಸುಮ್ಮನೆ ಪಕ್ಕದಲ್ಲಿ ಕೂತು ಕೇಳುವುದೂ ಡ್ಯೂಟಿಯೇ ಅಂತ ಬಯೋಡೇಟಾದಲ್ಲಿ ಬರೆಯಲು ಬರಲ್ಲ, ಆದರೆ ನಾನು ಈಗಲೂ ಹೆಚ್ಚು ಬಳಸುವುದು ಅದನ್ನೇ.

ರಿಸರ್ಚ್‌ಗೆ ಹೆದರಬೇಡಿ. ಗುಂಪಿನಲ್ಲಿ ಮಾಡಿಸುತ್ತಾರೆ. ವಿಷಯ ಸಣ್ಣದು ಆರಿಸಿ, ನಿಮ್ಮ ಪೋಸ್ಟಿಂಗ್ ಇರುವ ಊರಿನಲ್ಲೇ ಸಿಗುವ ಜನರ ಮೇಲೆ ಇರಲಿ, ಪ್ರಶ್ನಾವಳಿ ಕನ್ನಡದಲ್ಲಿ ಇರಲಿ. ಮೀನ್, ಸ್ಟ್ಯಾಂಡರ್ಡ್ ಡೀವಿಯೇಶನ್, ಕೈ ಸ್ಕ್ವೇರ್ ಮೂರನ್ನೂ ಕಂಪ್ಯೂಟರ್ ಬಿಟ್ಟು ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿ ನೋಡಿ, ವೈವಾದಲ್ಲಿ ನಾಲಿಗೆ ತಡವರಿಸಲ್ಲ.

ಪರೀಕ್ಷೆಗೆ ವಿಶ್ವವಿದ್ಯಾಲಯದ ಹಳೆಯ ಪ್ರಶ್ನೆಪತ್ರಿಕೆಗಳೇ ಗತಿ. ಉದ್ದ ಉತ್ತರಕ್ಕೆ ಚಿತ್ರ, ಶೀರ್ಷಿಕೆ, ಒಂದು ಕೇರ್ ಪ್ಲಾನ್ ಸೇರಿಸಿ ಬರೆಯಿರಿ. ಥಿಯರಿಯಲ್ಲಿ ಬೇರೆ, ಪ್ರಾಕ್ಟಿಕಲ್‌ನಲ್ಲಿ ಬೇರೆ 50 ಶೇಕಡಾ ಬೇಕು, ಒಂದರಲ್ಲಿ ಬಂದದ್ದು ಇನ್ನೊಂದಕ್ಕೆ ಆಗಲ್ಲ. ಎಂಎಸ್ಸಿ ಮನಸ್ಸಿನಲ್ಲಿದ್ದರೆ ಒಟ್ಟು 55 ಶೇಕಡಾ ಬೇಕು, ಹಾಗಾಗಿ ಪಾಸಾದರೆ ಸಾಕು ಅನ್ನುವ ಮನಸ್ಸು ಮೊದಲ ವರ್ಷದಿಂದಲೇ ಬಿಡಿ. ಎಂಎಸ್ಸಿಗೆ ಒಂದು ವರ್ಷದ ಅನುಭವವನ್ನೂ ಕೇಳುತ್ತಾರೆ, ಆದರೆ ಪೋಸ್ಟ್ ಬೇಸಿಕ್ ಮಾಡಿದವರಿಗೆ ಡಿಗ್ರಿಗೆ ಮೊದಲು ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಆ ಹಳೆಯ ಅನುಭವ ಪತ್ರ ಆಗ ಉಪಯೋಗಕ್ಕೆ ಬರುತ್ತದೆ.

ರಿಸಲ್ಟ್ ಬಂದ ಮೇಲೆ ಘಟಿಕೋತ್ಸವದ ತನಕ ಕಾಯುತ್ತಾ ಕೂರಬೇಡಿ. ಪ್ರೊವಿಷನಲ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಕಾಲೇಜಿನಿಂದ ಒರಿಜಿನಲ್ ಎಲ್ಲ ಎಣಿಸಿ ತಗೊಳ್ಳಿ. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಅಡಿಷನಲ್ ಕ್ವಾಲಿಫಿಕೇಶನ್ ಅಂತ ಈ ಡಿಗ್ರಿಯನ್ನು ಸೇರಿಸಿ. ನಮ್ಮ ಬ್ಯಾಚಿನ ಕೆಲವರು ಇದನ್ನು ಇನ್ನೂ ಮಾಡಿಸಿಲ್ಲ, ಕೆಲಸದ ಅಧಿಸೂಚನೆ ಬಂದಾಗ ಓಡಾಡುತ್ತಾರೆ.