ಚರಗದ ಮಡಿ: ನಾ ಮಾಡಿದ್ದು, ನನಗ ಕೈ ಹತ್ತಿದ್ದು

ಸೀಗಿ ಹುಣ್ಣಿಮಿ ಬಗ್ಗೆ ಕಾರಟಗಿ, ಗಂಗಾವತಿ ಕಡೆಯವ್ರಿಗೆ ಹೇಳೋದೇನಿಲ್ಲ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವ್ರು ಅಂತ ಕುಂದ್ರಿಸಿ, ಕಡುಬು ಹೋಳಿಗಿ ಎಡಿ ಹಿಡಿದು, ಹುಲ್ಲುಲಿಗೋ ಅಂತ ಕೂಗಿ ಆ ಎಡಿನ ಭೂಮ್ತಾಯಿಗೆ ಅಂತ ಹೊಲದ ತುಂಬ ಚೆಲ್ಲಿ ಬರ್ತೀವಿ, ಇದೇ ಚರಗ. ನಾ ಅವತ್ತೇ ಇನ್ನೊಂದು ಕೆಲಸ ಮಾಡ್ತೀನಿ. ನೆಲ್ಲು ಇನ್ನೂ ಹೊಡಿ ಒಡದು ತೆನಿ ಹೊರಗ ಬರೋ ಟೈಮು, ರೇಟು ಗೊತ್ತಿಲ್ಲ, ಇಳುವರಿ ಗೊತ್ತಿಲ್ಲ, ಆಗಲೇ ಒಂದು ಮಡಿಗೆ, ಅಂದ್ರ ಬದು ಕಟ್ಟಿದ ಒಂದು ತುಂಡು ಗದ್ದಿಗೆ, ನಾಕೂ ಮೂಲಿಗೆ ಕಟಗಿ ನೆಟ್ಟು ಇದು ನಮ್ಮ ಹೊಲದಾಗ ದುಡಿದವ್ರಿಗೆ ಕೊಡೋದು ಅಂತ ಬಿಟ್ಟುಬಿಡ್ತೀನಿ. ಐದು ಎಕರೆದಾಗ ಹತ್ತು ಗುಂಟೆ. "ಮಾಮಾ, ಗೊಬ್ಬರ ಅಂಗಡಿ ಉದ್ರಿನೇ ತೀರಿಲ್ಲ, ಇದೆಲ್ಲ ನಿಂದರಂಗಿಲ್ಲ ತಗೋ" ಅಂದಿದ್ದ ನಮ್ಮ ಅಕ್ಕನ ಮಗ. ಈಗ ಅವನ ಹೊಲದಾಗೂ ಕಟಗಿ ಅದಾವು.

ಮೊದಲು ಎಲ್ಲಾರಂಗ ರಾಶಿ ಆದಮ್ಯಾಲೆ ಕೊಡೋಣ ಅಂತಿದ್ದೆ, ಅದು ಆಗಲೇ ಇಲ್ಲ. ಈಗ ಕಣ ಎಲ್ಲೈತ್ರಿ? ಮಷಿನ್ ಕೊಯ್ದು ಟ್ರಾಲಿಗೆ ಹಾಕಿದ್ದು ಸೀದಾ ದಲಾಲಿ ಅಂಗಡಿಗೆ ಹೋಗ್ತೈತಿ, ಅಲ್ಲಿ ಅಡ್ವಾನ್ಸು, ಬಡ್ಡಿ, ಹಮಾಲಿ ಎಲ್ಲ ಮುರಕೊಂಡು ಕೈಗೆ ಬಂದ ಚೀಟಿ ನೋಡಿದ್ರ ಕೊಡೋ ಮನಸೇ ಹಾರಿಹೋಗ್ತೈತಿ. ಒಂದು ವರ್ಷ ನಾಟಿ ಹಚ್ಚಿದ ಹೆಣ್ಣಾಳಿಗೆ ಐನೂರು ಐನೂರು ರೊಕ್ಕ ಕೊಟ್ಟೆ, ಸಂಜಿಗೆ ಅವರ ಗಂಡಂದ್ರ ಕೈಗೆ ಹೋತು. ಸೀರಿ ತಂದೆ, ಎಂಟು ಒಂಬತ್ತು ಸಾವಿರ ಖರ್ಚು, ಅವಳ್ದು ಚಲೋ ಐತಿ ನಂದು ಇಲ್ಲ ಅಂತ ಜಗಳ. ಹೊಸ ಅಕ್ಕಿ ಕೊಟ್ರ ಅನ್ನ ಮುದ್ದಿ ಆಗ್ತೈತಿ ಅಂತ ಪಾಪ ಅರ್ಧ ರೇಟಿಗೆ ಮಾರ್ಕೊಂಡ್ರು.

ಹಂಗಾಗಿ ಈಗ ಆ ಮಡಿಗೆ ಮಷಿನ್ ಬಿಡಂಗಿಲ್ಲ, ಕೈಲೆ ಕೊಯ್ದು ಬಡಿದು ನೆಲ್ಲಾಗೇ ಇಡ್ತೀನಿ, ಉಗಾದಿ ದಾಟಿದಮ್ಯಾಲೆ ಮಿಲ್ಲಿಗೆ. ಎಪ್ಪತ್ತೈದು ಕೆಜಿ ಚೀಲ ಒಂಬತ್ತರ ಹತ್ತಿರ ಬರ್ತಾವು, ಅಕ್ಕಿ ನಾಕು ಕ್ವಿಂಟಲ್ ಮ್ಯಾಲೆ. ಮಾರಿದ್ರ ಹದಿನೈದು ಸಾವಿರ ಆಗ್ತಿತ್ತೇನೋ. ಹುಳ ಹತ್ತದಂಗ ಬೇವಿನ ತಪ್ಪಲ ಹಾಕೋದು ಎಲ್ಲಾರಿಗೂ ಗೊತ್ತೈತಿ, ಅದರ ಜೋಡಿ ಇನ್ನೊಂದು ಹಾಕ್ತೀನಿ, ಅದನ್ನ ಮನಿಗೆ ಬಂದವ್ರಿಗಷ್ಟೇ ಹೇಳ್ತೀನಿ. ಯಾರಿಗೆ ಎಷ್ಟು ಅನ್ನೋದು ನನ್ನ ಹೆಂಡ್ತಿ ತೀರ್ಮಾನ, ಅದಕ್ಕ ಜಗಳ ನಿಂತಿದ್ದು.

ಇನ್ನೊಂದು, ಚರಗ ಚೆಲ್ಲುವಾಗ ಉಪಕಾರ ಮಾಡಿದವ್ರ ಹೆಸರು ಜೋರಾಗಿ ಕರೀತೀನಿ. ಕಾಲುವಿ ನೀರು ನೋಡಿಕೊಳ್ಳೋ ಗ್ಯಾಂಗ್‌ಮನ್, ನಡುರಾತ್ರಿ ಟ್ರ್ಯಾಕ್ಟರ್ ಕೆಸರಿಂದ ಎಳದ ಹುಡುಗ, ನಾಟಿ ಗುಂಪಿನ ಹಿರಿಯಾಳು. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಒಬ್ರಿಗೂ ನಿದ್ದಿ ಇಲ್ಲ, ಆಗಷ್ಟೇ ನಾಟಿ ಹಚ್ಚಿದ್ವಿ. ಒಂದು ವಾರದಾಗ ಹರಿಯೋ ನೀರಾಗೇ ಸ್ಟಾಪ್‌ಲಾಗ್ (ಗೇಟಿನ ಬದಲಿ ಉಕ್ಕಿನ ತಡೆ) ಇಳಿಸಿದ್ರಲ್ಲ, ಆ ವರ್ಷ ಅದನ್ನ ಮುಂದ ನಿಂತು ಮಾಡಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವ್ರ ಹೆಸರು, ಅಲ್ಲಿ ದುಡಿದ ಎಲ್ಲಾ ಕಾರ್ಮಿಕರ ಹೆಸರಿಲೆ ಒಂದು ದೊಡ್ಡ ಹಿಡಿ ಚೆಲ್ಲಿದೆ. ಗ್ಯಾಂಗ್‌ಮನ್ ಪಕ್ಕದಾಗೇ ಊಟಕ್ಕ ಕುಂತಿದ್ದ, ತನ್ನ ಹೆಸರು ಕೇಳಿ ಕೈಯಾಗಿನ ಕಡುಬು ಹಂಗೇ ಹಿಡಕೊಂಡು ಎದ್ದು ನಿಂತ. ಅಷ್ಟು ವರ್ಷ ಬೈಗುಳ ಬಿಟ್ರ ರೈತರ ಬಾಯಾಗ ಅವನ ಹೆಸರು ಬಂದಿರಲಿಲ್ಲಂತ.

ನಡುವ ಗುಬ್ಬಿಗೆ ಅಂತ ಒಂದು ಸಾಲು ಕೊಯ್ಯದೇ ಬಿಟ್ಟು ನೋಡಿದೆ, ಇಲಿ ಸೇರಿಕೊಂಡ್ವು. ಈಗ ತೆನಿ ಗೊಂಚಲ ಕಟ್ಟಿ ಬಾಗಿಲ ಮುಂದ ತೂಗ ಹಾಕ್ತೀನಿ, ಅದು ಚಲೋ ನಡದೈತಿ. ಕೊಪ್ಪಳದ ಗವಿಮಠದ ಜಾತ್ರಿ ದಾಸೋಹಕ್ಕ ಸಜ್ಜಿ ರೊಟ್ಟಿ ಬುಟ್ಟಿ ಕಳಿಸೋದು ಮೊದಲಿಂದ ಇತ್ತು, ಈಗ ಅದರ ಜೋಡಿ ಈ ಮಡಿದು ಒಂದು ಚೀಲ ಅಕ್ಕಿನೂ ಹೋಗ್ತೈತಿ.

ನೀರಾವರಿಗೆ ಇದು ಸರಿ ಕುಂತೈತಿ. ಎಳ್ಳಮಾಸಿಗೆ (ಎಳ್ಳ ಅಮವಾಸಿಗೆ) ಮಳಿ ನಂಬಿದ ಎರಿ ಹೊಲದ ಜೋಳದಾಗ ಮಾಡಬೇಕಂತೀನಿ, ಆದ್ರ ಮಳಿ ಕೈಕೊಟ್ಟ ವರ್ಷ ಎಷ್ಟು ಗುಂಟೆ ಬಿಡಬೇಕು ಅನ್ನೋ ಲೆಕ್ಕ ಇನ್ನೂ ಹತ್ತಿಲ್ಲ. ಮಸ್ಕಿ, ಲಿಂಗಸೂರು ಕಡೆ ಒಣಬೇಸಾಯದವ್ರು ಯಾರಾರ ಮಾಡಿದ್ರ ತಿಳಸ್ರಿ.