ಸ್ಟಾಪರ್‌ನ ಹೆಗಲ ಹಿಂದೆ ನಿಂತ ವರ್ಷಗಳು

2008ರಲ್ಲಿ ಬೆಂಗಳೂರು ಸೂಪರ್ ಡಿವಿಷನ್ ಫುಟ್‌ಬಾಲ್ ಲೀಗಿನ ಒಂದು ಪಂದ್ಯಕ್ಕೆ ನನ್ನ ಗೆಳೆಯ ಗ್ಯಾಲರಿಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದ. ನಾನೇ ಕೇಳಿಕೊಂಡಿದ್ದೆ. ಚೆಂಡು ನನ್ನ ಕಾಲಿಗೆ ಬಂದಾಗ ಒತ್ತು, ಕಾಲಿಂದ ಹೋದಾಗ ನಿಲ್ಲಿಸು ಅಂತ. ಆಟ ಮುಗಿದ ಮೇಲೆ ಅವನು ವಾಚು ತೋರಿಸಿದ: 1 ನಿಮಿಷ 11 ಸೆಕೆಂಡ್. ತೊಂಬತ್ತು ನಿಮಿಷವೂ ಬಿಸಿಲಲ್ಲಿ ಓಡಿದ್ದೆ, ಜೆರ್ಸಿ ಹಿಂಡಿದರೆ ನೀರು ಇಳಿಯುತ್ತಿತ್ತು. ಗೋಲು ಮಾತ್ರ ಬಂದಿರಲಿಲ್ಲ. ಅದಕ್ಕೂ ಹಿಂದಿನ ಎಂಟು ಪಂದ್ಯಗಳಲ್ಲೂ ಬಂದಿರಲಿಲ್ಲ.

ಹಾಗಾದರೆ ಮಿಕ್ಕ 88 ನಿಮಿಷ 49 ಸೆಕೆಂಡ್ ನಾನು ಮಾಡುತ್ತಿದ್ದದ್ದಾದರೂ ಏನು? ಆ ರಾತ್ರಿ ಈ ಪ್ರಶ್ನೆ ನನ್ನನ್ನು ಮಲಗಲು ಬಿಡಲಿಲ್ಲ. ಈಗ ಹಿಂತಿರುಗಿ ನೋಡಿದರೆ ನನ್ನ ಆಟದಲ್ಲಿ ಆ ರಾತ್ರಿಗೆ ಮುಂಚಿನ ಭಾಗ ಬೇರೆ, ಆಮೇಲಿನ ಭಾಗ ಬೇರೆ.

ನಾನು ಬೆಳೆದದ್ದು ಹಲಸೂರಿನ ಮಗ್ಗುಲಲ್ಲಿ. ಅಪ್ಪನಿಗೆ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕೆಲಸ. ಕೂಗಿದರೆ ಕೇಳುವಷ್ಟು ಹತ್ತಿರ ಗೌತಮಪುರ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡ ಬೀದಿ ಅದು. ಅಲ್ಲಿನ ಹುಡುಗರು ಮನೆಯಲ್ಲಿ ತಮಿಳು, ನಮ್ಮ ಜತೆ ಕನ್ನಡ, ಗ್ರೌಂಡಿನಲ್ಲಿ ಎರಡೂ ಬೆರೆಸಿ ಮಾತಾಡುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಎದ್ದು ಅವರೊಂದಿಗೆ ಆಡಲು ಹೋಗುತ್ತಿದ್ದೆ. ಹನ್ನೆರಡು ವರ್ಷದವನಿಗೆ ದೊಡ್ಡವರು ಕೊಡುವ ಜಾಗ ಯಾವುದು? ಮುಂದೆ ಹೋಗಿ ನಿಂತ್ಕೋ ಅನ್ನುತ್ತಿದ್ದರು. ನಾನು ಸ್ಟ್ರೈಕರ್ ಆದದ್ದು ಹಾಗೆ.

ನಮ್ಮ ಮೊದಲ ಕೋಚ್ ಸರ್ ಮಳೆ ಬಂದು ಪ್ರಾಕ್ಟೀಸ್ ನಿಂತ ದಿನ ಹಳೆಯವರ ಕಥೆ ಹೇಳುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 1-2ರಿಂದ ಸೋತಿತು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದ್ದರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಪಂಚಪಾಂಡವರು ಅಂತ ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಅಹ್ಮದ್ ಖಾನ್ ಕೂಡ ಇದೇ ಊರಿನವರು. ಸರ್ ಇದನ್ನೆಲ್ಲ ತಮ್ಮ ಮನೆಯವರ ವಿಷಯದಂತೆ ಹೇಳುತ್ತಿದ್ದರು. ಫ್ರಾನ್ಸ್ ವಿರುದ್ಧದ ಆ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿ ಕಳೆದುಕೊಂಡಿತ್ತು ಅನ್ನುವುದನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಿದ್ದರು.

ಹದಿನೇಳಕ್ಕೆ ಕೆಳಗಿನ ಡಿವಿಷನ್, ಇಪ್ಪತ್ತಕ್ಕೆ ಸೂಪರ್ ಡಿವಿಷನ್. ಕಾರ್ಖಾನೆಗಳು, ಸೇನೆಯ ರೆಜಿಮೆಂಟುಗಳು ತಂಡ ಕಟ್ಟಿದ್ದ ಊರು ನಮ್ಮದು. ಚೆನ್ನಾಗಿ ಆಡಿದವನಿಗೆ ನೌಕರಿ ಸಿಗುತ್ತದೆ ಅನ್ನುವುದೇ ನಮ್ಮ ಮನೆಗಳಲ್ಲಿ ಫುಟ್‌ಬಾಲಿಗೆ ಇದ್ದ ಒಪ್ಪಿಗೆ. ನನಗೆ ಸಿಕ್ಕಿದ್ದು ನೌಕರಿಯಲ್ಲ, ಸ್ಟೈಪೆಂಡ್. ಅದೂ ತಿಂಗಳು ತಿಂಗಳು ಬರುತ್ತಿರಲಿಲ್ಲ. ದುಡ್ಡಿನ ಮಾತು ಇಷ್ಟಕ್ಕೇ ಬಿಡುತ್ತೇನೆ, ನನ್ನ ಕಾಲದಲ್ಲಿ ಆಡಿದ ಎಲ್ಲರದೂ ಇದೇ ಪಾಡು.

ಆ ಒಂಬತ್ತು ಪಂದ್ಯಗಳಿಗೆ ಬರುತ್ತೇನೆ. ಗೋಲು ಬಾರದಿದ್ದಾಗ ಸ್ಟ್ರೈಕರ್ ಮಾಡುವ ಮೊದಲ ತಪ್ಪು ಚೆಂಡನ್ನು ಹುಡುಕಿಕೊಂಡು ಹೋಗುವುದು. ನಾನೂ ಹೋದೆ. ಮಿಡ್‌ಫೀಲ್ಡಿಗೆ ಇಳಿಯುತ್ತಿದ್ದೆ, ವಿಂಗಿಗೆ, ಅಂದರೆ ಮೈದಾನದ ಅಂಚಿಗೆ, ಓಡುತ್ತಿದ್ದೆ, ಹೇಗಾದರೂ ಒಂದು ಟಚ್ ಸಿಕ್ಕರೆ ಸಾಕು ಅನ್ನಿಸುತ್ತಿತ್ತು. ಅಂಚಿನಿಂದ ಕ್ರಾಸ್ ಬರುವ ಹೊತ್ತಿಗೆ ಗೋಲಿನ ಮುಂದಿನ ಬಾಕ್ಸಿನಲ್ಲಿ ನಾನೇ ಇರುತ್ತಿರಲಿಲ್ಲ.

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಹೊರಗೆ ಒಂದು ಟೀ ಅಂಗಡಿಯಲ್ಲಿ ಎದುರು ತಂಡದ ಸ್ಟಾಪರ್, ಅಂದರೆ ಡಿಫೆನ್ಸಿನ ನಡುವೆ ನಿಂತು ಸ್ಟ್ರೈಕರನ್ನು ತಡೆಯುವವರು, ಸಿಕ್ಕರು. ನನಗಿಂತ ಹತ್ತು ವರ್ಷ ದೊಡ್ಡವರು. ಮೂರು ಸೀಸನ್‌ನಿಂದ ನನ್ನನ್ನು ಅಲುಗಾಡದಂತೆ ಹಿಡಿದಿಟ್ಟವರು. ಧೈರ್ಯ ಮಾಡಿ ಕೇಳಿದೆ: “ಅಣ್ಣಾ, ನಿಮಗೆ ಯಾವ ಥರದ ಸ್ಟ್ರೈಕರ್ ಕಂಡ್ರೆ ಕಷ್ಟ?”

“ಕಂಡ್ರೆ ಯಾರೂ ಕಷ್ಟ ಇಲ್ಲ ಕಣೋ. ಕಾಣದೇ ಇರೋನು ಕಷ್ಟ,” ಅಂದರು. “ನೀನು ಯಾವಾಗ್ಲೂ ನನ್ನ ಕಣ್ಮುಂದೆನೇ ಇರ್ತೀಯ. ಬಾಲ್ ನೋಡ್ತಾ ನೋಡ್ತಾ ನಿನ್ನನ್ನೂ ನೋಡ್ಕೋತೀನಿ. ಹೆಗಲ ಹಿಂದೆ ನಿಂತು ನೋಡು, ಆಗ ನಾನು ಇಬ್ಬರಲ್ಲಿ ಒಬ್ಬರನ್ನ ಬಿಡಲೇಬೇಕು.”

ಎದುರಾಳಿಗೆ ತನ್ನ ಕಷ್ಟವನ್ನು ಬಿಚ್ಚಿ ಹೇಳುವ ದೊಡ್ಡತನ ಎಷ್ಟು ಜನಕ್ಕಿದೆಯೋ ಗೊತ್ತಿಲ್ಲ. ಟೀ ದುಡ್ಡನ್ನೂ ಅವರೇ ಕೊಟ್ಟರು.

ಆ ಮಾತನ್ನು ಕಾಲಿಗೆ ಇಳಿಸಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಚೆಂಡು ಬಲಗಡೆ ವಿಂಗಿನಲ್ಲಿದೆ ಅಂದುಕೊಳ್ಳಿ. ಸ್ಟಾಪರ್ ಆ ಕಡೆ ಮುಖ ಮಾಡಿರುತ್ತಾನೆ. ಮೊದಲು ನಾನು ಹೋಗುತ್ತಿದ್ದದ್ದು ಅವನ ಮುಂದೆ, ಚೆಂಡಿನ ಕಡೆ. ಆಮೇಲೆ ಕಲಿತದ್ದು, ಅವನ ಹೆಗಲಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲುವುದು. ಅವನಿಗೆ ನಾನು ಬೇಕಾದರೆ ಕತ್ತು ತಿರುಗಿಸಬೇಕು, ಕತ್ತು ತಿರುಗಿಸಿದರೆ ಚೆಂಡು ತಪ್ಪುತ್ತದೆ. ಒಳ್ಳೆಯ ಸ್ಟಾಪರ್ ನಾಲ್ಕೈದು ಸೆಕೆಂಡಿಗೊಮ್ಮೆ ತಿರುಗಿ ನೋಡುತ್ತಾನೆ. ಅವನು ನೋಡಿ ಮತ್ತೆ ಚೆಂಡಿನ ಕಡೆ ತಿರುಗಿದ ಮರುಕ್ಷಣವೇ ನಾನು ಜಾಗ ಬದಲಿಸಬೇಕು. ಅವನ ತಲೆಯಲ್ಲಿ ನಾನಿರುವ ಜಾಗ ಒಂದು, ನಾನಿರುವುದು ಇನ್ನೊಂದು ಕಡೆ.

ಅಲ್ಲಿಂದ ಓಟ. ನಿಯರ್ ಪೋಸ್ಟಿಗೆ, ಅಂದರೆ ಚೆಂಡಿಗೆ ಹತ್ತಿರದ ಗೋಲುಕಂಬಕ್ಕೆ, ಹೋಗಬೇಕಿದ್ದರೆ ಮೊದಲ ಎರಡು ಹೆಜ್ಜೆ ದೂರದ ಕಂಬವಾದ ಫಾರ್ ಪೋಸ್ಟ್ ಕಡೆ, ನಿಧಾನವಾಗಿ, ಅವನಿಗೆ ಕಾಲ ಸದ್ದು ಕೇಳುವ ಹಾಗೆ. ಅವನ ಮೈಭಾರ ಆ ಕಡೆ ವಾಲಿತೋ, ಮುಂದಿನಿಂದ ಕತ್ತರಿಸಿ ಹೋಗಬೇಕು. ಯಾವಾಗ? ಇದು ನನ್ನನ್ನು ತುಂಬ ಕಾಡಿದ ಪ್ರಶ್ನೆ. ವಿಂಗರ್ ಒದೆಯುವಾಗ ಹೊರಟರೆ ತಡವಾಯಿತು ಅಂತಲೇ ಅರ್ಥ. ಅವನು ಚೆಂಡನ್ನು ಅರ್ಧ ಗಜ ಮುಂದೆ ತಳ್ಳಿ ತಲೆ ಎತ್ತುತ್ತಾನಲ್ಲ, ಆ ತಲೆಯೇ ಸಿಗ್ನಲ್. ನಮ್ಮ ತಂಡದ ವಿಂಗರ್ ಮತ್ತು ನಾನು ಪ್ರಾಕ್ಟೀಸ್ ಮುಗಿದ ಮೇಲೆ ದಿನಾ ನಲವತ್ತು ಕ್ರಾಸ್ ಇದನ್ನೇ ಮಾಡುತ್ತಿದ್ದೆವು. ಗೋಲು ಕಾಯುವ ಗೋಲಿ ಇಲ್ಲ, ಡಿಫೆಂಡರ್ ಇಲ್ಲ. ಅವನ ತಲೆ, ನನ್ನ ಕಾಲು, ಅಷ್ಟೇ.

ಹತ್ತು ಓಟದಲ್ಲಿ ಎಂಟಕ್ಕೆ ಚೆಂಡು ಬರುವುದಿಲ್ಲ. ಎಂಟನ್ನೂ ಪೂರ್ತಿ ಓಡಬೇಕು. ಗ್ಯಾಲರಿಯಿಂದ ನೋಡುವವರಿಗೆ ಇವನು ಸುಮ್ಮನೆ ಅಲೆಯುತ್ತಿದ್ದಾನೆ ಅನ್ನಿಸುತ್ತದೆ. ಆದರೆ ಆ ಎಂಟು ಓಟಗಳು ಸ್ಟಾಪರ್‌ನ ಕಾಲನ್ನೂ ಗಮನವನ್ನೂ ತಿನ್ನುತ್ತವೆ, ಒಂಬತ್ತನೆಯದಕ್ಕೆ ಅವನು ಅರ್ಧ ಹೆಜ್ಜೆ ಹಿಂದೆ ಬೀಳುತ್ತಾನೆ.

ಆಫ್‌ಸೈಡ್, ಅಂದರೆ ನಮ್ಮವನು ಚೆಂಡು ಬಿಡುವಾಗ ಎದುರಾಳಿಗಳ ಸಾಲು ದಾಟಿ ನಿಂತಿರುವ ತಪ್ಪು, ಕೂಡ ಇದರ ಜತೆಯೇ ಬರುತ್ತದೆ. ಚೆಂಡು ಬಿಡುವ ಕ್ಷಣಕ್ಕೆ ಕೊನೆಯಿಂದ ಎರಡನೆಯ ಎದುರಾಳಿಯ ಸಾಲಿನಲ್ಲೇ ಇದ್ದರೆ ಆಫ್‌ಸೈಡ್ ಅಲ್ಲ. 1990ರಿಂದ ನಿಯಮ ಹೀಗಿದೆ. ಹಾಗಾಗಿ ನೇರ ಓಡುವುದಕ್ಕಿಂತ ಡಿಫೆನ್ಸ್ ಸಾಲಿನ ಗುಂಟ ಅಡ್ಡ ಓಡಿ, ಪಾಸ್ ಬಂದಾಗ ಒಳಕ್ಕೆ ಬಾಗುವುದು ಲೇಸು. ಮೈದಾನದ ಅಂಚಿನಿಂದ ಕೈಯಲ್ಲಿ ಎಸೆಯುವ ಥ್ರೋ-ಇನ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ ಅನ್ನುವುದನ್ನು ಎಷ್ಟೋ ಹುಡುಗರು ಆಟದ ಬಿಸಿಯಲ್ಲಿ ಮರೆಯುತ್ತಾರೆ. 2010ರಲ್ಲಿ ಎರಡು ಗೋಲು ನನಗೆ ಅಲ್ಲಿಂದಲೇ ಬಂದವು. ಎಲ್ಲರೂ ಮುಂದೆ ಬಂದು ಚೆಂಡು ಕೇಳುವಾಗ ನಾನು ಡಿಫೆನ್ಸ್ ಹಿಂದೆ ಹೋಗಿ ನಿಂತಿದ್ದೆ.

ಇನ್ನು ಹೊಡೆತ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಓರೆ ಕೋನದಲ್ಲಿ ಓಡಿ ಬಂದಾಗ ನಾನು ಯಾವಾಗಲೂ ಫಾರ್ ಪೋಸ್ಟಿಗೆ, ನೆಲಮಟ್ಟದಲ್ಲಿ ಹೊಡೆಯುತ್ತಿದ್ದೆ. ಗೋಲಿ ತಡೆದರೂ ಚೆಂಡು ಗೋಲಿನ ಮುಂದೆಯೇ ಚಿಮ್ಮುತ್ತದೆ, ನಮ್ಮವರಿಗೆ ಇನ್ನೊಂದು ಅವಕಾಶ. ನಿಯರ್ ಪೋಸ್ಟಲ್ಲಿ ತಡೆದರೆ ಹೆಚ್ಚೆಂದರೆ ಕಾರ್ನರ್. ಎಡಗಾಲು ನನಗೆ ಹುಟ್ಟಿನಿಂದ ಬಂದದ್ದಲ್ಲ. ಮನೆ ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ ಇಟ್ಟಿಗೆ ಚೂರಿನಲ್ಲಿ ಗೆರೆ ಎಳೆದು ದಿನಾ ಇನ್ನೂರು ಸಲ ಎಡಗಾಲಲ್ಲೇ ಒದ್ದು ಬೆಳೆಸಿಕೊಂಡದ್ದು. ಪಕ್ಕದ ಮನೆ ಅಜ್ಜಿಗೆ ಮಧ್ಯಾಹ್ನ ನಿದ್ದೆ ಇರುತ್ತಿರಲಿಲ್ಲ. ಆದರೂ ಒಂದು ದಿನ ಬೈದವರಲ್ಲ, ಅವರನ್ನು ಇಲ್ಲಿ ನೆನೆಯದೆ ಇರಲಾರೆ.

ಪೆನಾಲ್ಟಿ ಒಂದು ಬೇರೆಯೇ ವಿದ್ಯೆ. 11 ಮೀಟರ್ ದೂರ, ಗೋಲಿ ಬಿಟ್ಟರೆ ಅಡ್ಡ ಯಾರೂ ಇಲ್ಲ. ಬೆನ್ನ ಹಿಂದೆ ಅಡಗುವ ನನ್ನ ಆಟಕ್ಕೆ ಅಲ್ಲಿ ಜಾಗವೇ ಇಲ್ಲ. 2009ರ ಒಂದು ನಾಕೌಟ್ ಪಂದ್ಯದಲ್ಲಿ ಓಡಿ ಬರುವಾಗ ಗೋಲಿಯ ಕಣ್ಣು ನೋಡಿದೆ, ಕೊನೆಯ ಹೆಜ್ಜೆಯಲ್ಲಿ ಮೂಲೆ ಬದಲಿಸಿದೆ, ಚೆಂಡು ಕಂಬಕ್ಕೆ ಬಡಿದು ಹೊರಹೋಯಿತು. ಸೋತೆವು. ಬಸ್ಸಿನಲ್ಲಿ ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ನೋಯಿಸಿತು. ಅಂದಿನಿಂದ ಮೂಲೆಯನ್ನು ಹಿಂದಿನ ರಾತ್ರಿಯೇ ನಿಶ್ಚಯಿಸುತ್ತಿದ್ದೆ, ಚೆಂಡಿಟ್ಟ ಮೇಲೆ ಗೋಲಿಯನ್ನು ನೋಡುತ್ತಿರಲಿಲ್ಲ. ಆ ಮೇಲೂ ಒಂದು ತಪ್ಪಿತು. ಆದರೆ ಮನಸ್ಸು ಬದಲಿಸಿ ತಪ್ಪಿದ್ದಲ್ಲ, ಗೋಲಿ ಸರಿಯಾಗಿ ಹಾರಿದ. ಅಂಥದ್ದಕ್ಕೆ ನಿದ್ದೆ ಕೆಡುವುದಿಲ್ಲ.

2011ರ ಜುಲೈನಲ್ಲಿ ಮಂಡಿ ಹೋಯಿತು. ಯಾರೂ ಮುಟ್ಟಲಿಲ್ಲ. ಕೃತಕ ಹುಲ್ಲಿನಲ್ಲಿ ಬಲಗಾಲು ಊರಿ ತಿರುಗಿದೆ, ಬೂಟು ತಿರುಗಲಿಲ್ಲ, ಒಳಗೆ ಟಪ್ ಅಂತ ಸದ್ದಾಯಿತು. ಎಸಿಎಲ್, ಅಂದರೆ ಮಂಡಿಯ ಒಳಗೆ ತೊಡೆಮೂಳೆಗೂ ಕಾಲಮೂಳೆಗೂ ಅಡ್ಡ ಹಾಯುವ ಕಟ್ಟು, ಪೂರ್ತಿ ಹರಿದಿತ್ತು. ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಹೊಸ ಕಟ್ಟು ಹಾಕಿದರು. ಆಗ ಆಡುತ್ತಿದ್ದ ತಂಡ ಆ ತಿಂಗಳಿಂದಲೇ ಹಣ ನಿಲ್ಲಿಸಿತು. ಶಸ್ತ್ರಚಿಕಿತ್ಸೆಗೆ ಅಮ್ಮನ ಬಳೆ ಅಡವಿಟ್ಟೆವು. ತಂಡದ ಹೆಸರು ಬೇಡ. ಬಳೆಯನ್ನು ಬಿಡಿಸಿ ತಂದದ್ದು ಎರಡು ವರ್ಷದ ಮೇಲೆ.

ಆರು ವಾರಕ್ಕೆ ಊರುಗೋಲಿಲ್ಲದೆ ನೆಟ್ಟಗೆ ನಡೆದೆ. ನಾಲ್ಕನೇ ತಿಂಗಳು ನಿಧಾನವಾಗಿ ಓಟ. ಹತ್ತನೇ ತಿಂಗಳು ಪಂದ್ಯ. ಯಾರಿಗಾದರೂ ಇದಾದರೆ ನಾನು ಹೇಳುವುದು ಒಂದೇ: ಆರನೇ ತಿಂಗಳಲ್ಲಿ ನೋವಿಲ್ಲ, ಊತವಿಲ್ಲ, ಮಂಡಿ ಚೆನ್ನಾಗಿದೆ ಅನ್ನಿಸುತ್ತದೆ, ದಯವಿಟ್ಟು ಆಗ ಆಡಬೇಡಿ. ಹೊಸ ಕಟ್ಟು ಇನ್ನೂ ಗಟ್ಟಿಯಾಗಿರುವುದಿಲ್ಲ. ತೊಡೆ ಸಪೂರವಾಗಿರುತ್ತದೆ. ನನ್ನ ಜತೆ ಫಿಸಿಯೋಗೆ ಬರುತ್ತಿದ್ದ ಒಬ್ಬ ಹುಡುಗ ಅವಸರಪಟ್ಟು ಅದೇ ಮಂಡಿಯನ್ನು ಮತ್ತೆ ಹರಿದುಕೊಂಡ.

ವಾಪಸ್ ಬಂದಾಗ ಮೊದಲ ಹತ್ತು ಗಜದ ವೇಗ ಹೋಗಿತ್ತು, ಅದು ಮತ್ತೆ ಬರಲೂ ಇಲ್ಲ. ಆದರೆ ಆ ಸೀಸನ್‌ನಲ್ಲೇ ನನಗೆ ಬದುಕಿನಲ್ಲಿ ಹೆಚ್ಚು ಗೋಲು ಬಂದದ್ದು, 13. ವೇಗವಿದ್ದಾಗ ತಡವಾಗಿ ಹೊರಟರೂ ತಲುಪುತ್ತಿದ್ದೆ, ಆದ್ದರಿಂದ ನೋಡುವ ಅಭ್ಯಾಸ ಅರ್ಧಂಬರ್ಧವಾಗಿತ್ತು. ವೇಗ ಹೋದ ಮೇಲೆ ನೋಡದೆ ಬೇರೆ ದಾರಿಯೇ ಇರಲಿಲ್ಲ.

ಚಳಿಗಾಲದಲ್ಲಿ ಕೇರಳದ ಮಲಪ್ಪುರಂ ಕಡೆ ಸೆವೆನ್ಸ್ ಆಡಲು ಹೋಗುತ್ತಿದ್ದೆ. ತಂಡಕ್ಕೆ ಏಳೇ ಜನ, ಮಣ್ಣಿನ ಗ್ರೌಂಡು, ಫ್ಲಡ್‌ಲೈಟು, ಸುತ್ತ ಮರದ ಗ್ಯಾಲರಿ ತುಂಬ ಜನ. ಆಟ ಮುಗಿದ ರಾತ್ರಿಯೇ ಕೈಗೆ ದುಡ್ಡು. ಅಲ್ಲಿನ ಜನ ಫುಟ್‌ಬಾಲನ್ನು ಪ್ರೀತಿಸುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಮ್ಮನ ಬಳೆ ಬಿಡಿಸಿದ್ದು ಆ ದುಡ್ಡಿನಲ್ಲೇ.

2013ರಲ್ಲಿ ಬೆಂಗಳೂರು ಎಫ್‌ಸಿ ಕ್ಲಬ್ ಬಂತು. ನಾವು ಲೀಗ್ ಆಡುತ್ತಿದ್ದ ಅದೇ ಅಶೋಕನಗರದ ಸ್ಟೇಡಿಯಂನಲ್ಲಿ ಆಡಿ, ಮೊದಲ ಸೀಸನ್‌ನಲ್ಲೇ ದೇಶದ ಆಗಿನ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದರು. ನನಗೆ ಆಗಲೇ ಇಪ್ಪತ್ತಾರು, ಮಂಡಿ ಹೊಲಿದದ್ದು. ಆ ಬಾಗಿಲು ನನ್ನದಲ್ಲ ಅಂತ ಗೊತ್ತಿತ್ತು. ಟಿಕೆಟ್ ತಗೊಂಡು ಹೋಗಿ ಆ ತಂಡದ ಸ್ಟ್ರೈಕರ್ ಸುನಿಲ್ ಛೆಟ್ರಿಯನ್ನು ನೋಡುತ್ತಿದ್ದೆ, ಅವರ ಕಾಲಲ್ಲಿ ಚೆಂಡಿಲ್ಲದಾಗ ಮಾತ್ರ. ಅಷ್ಟೇನೂ ಎತ್ತರವಲ್ಲದ ಮನುಷ್ಯ ಅಷ್ಟು ಹೆಡರ್ ಗೋಲು ಹೊಡೆಯುವುದು ಹೇಗೆ ಅಂತ ಕೇಳುವವರು ಅವರ ಜಿಗಿತಕ್ಕೆ ಮುಂಚಿನ ಮೂರು ಹೆಜ್ಜೆ ನೋಡಬೇಕು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ, ಎದುರಾಳಿಗಳು ಇನ್ನೂ ಸಜ್ಜಾಗುತ್ತಿರುವಾಗಲೇ ಅವರು ಫ್ರೀಕಿಕ್ ಹೊಡೆದು ಗೋಲು ಮಾಡಿದರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದರು. ಅದರ ಸರಿ ತಪ್ಪಿನ ಬಗ್ಗೆ ಜಗಳ ಇವತ್ತಿಗೂ ಇದೆ. ನನಗೆ ಕಂಡದ್ದು 38ನೇ ವಯಸ್ಸಿನಲ್ಲೂ ಗೋಲಿಯ ಮೇಲಿಂದ ಕದಲದ ಆ ಕಣ್ಣು. ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು, 1968-69ರ ಮೈಸೂರು ತಂಡದ ನಂತರ ಮೊದಲ ಬಾರಿ. ಒಮ್ಮೆ ಆ ಟ್ರೋಫಿಯ ಕ್ಯಾಂಪಿನವರೆಗೆ ಹೋಗಿ ಕೊನೆಯ ಪಟ್ಟಿಯಲ್ಲಿ ಹೆಸರಿಲ್ಲದೆ ಬ್ಯಾಗು ಕಟ್ಟಿಕೊಂಡು ಬಂದವನು ನಾನು. ಆ ರಾತ್ರಿ ಮನೆಯಲ್ಲಿ ಒಬ್ಬನೇ ಕೂತು ಅತ್ತೆ, ಸಂತೋಷಕ್ಕೇ.

ನನ್ನ ಕೊನೆಯ ಲೀಗ್ ಪಂದ್ಯ 2016ರಲ್ಲಿ. ಕಡೆಯ ಇಪ್ಪತ್ತು ನಿಮಿಷಕ್ಕೆ ಇಳಿಸಿದರು. ಬಲಗಡೆಯಿಂದ ಕ್ರಾಸ್ ಬಂತು, ನಾನು ನಿಯರ್ ಪೋಸ್ಟಿಗೆ ಹೊರಟೆ, ಇಬ್ಬರು ಡಿಫೆಂಡರ್‌ಗಳು ನನ್ನ ಜತೆ ಬಂದರು. ಚೆಂಡು ಕಾಲಿನ ಅಳತೆಗೇ ಬಂತು. ಮುಟ್ಟದೆ ಕಾಲ ಸಂದಿಯಲ್ಲಿ ಬಿಟ್ಟೆ. ಹಿಂದೆ ಹತ್ತೊಂಬತ್ತರ ಹುಡುಗ ಒಬ್ಬನೇ ನಿಂತಿದ್ದ. ಸ್ಕೋರರ್ ಪುಸ್ತಕದಲ್ಲಿ ಅವನ ಹೆಸರಿದೆ, ಇರಬೇಕಾದ್ದೂ ಅವನದೇ.

ಈಗ ಭಾನುವಾರ ಬೆಳಿಗ್ಗೆ ಏರಿಯಾದ ಮಕ್ಕಳಿಗೆ ಹೇಳಿಕೊಡುತ್ತೇನೆ. ಮೊದಲ ಕಾಲು ಗಂಟೆ ಚೆಂಡು ನನ್ನ ಕೈಯಲ್ಲೇ ಇರುತ್ತದೆ. ಒಬ್ಬರು ಸ್ಟಾಪರ್, ಒಬ್ಬರು ಸ್ಟ್ರೈಕರ್, ಕಣ್ಣಿಗೆ ಬೀಳದೆ ಹೆಗಲ ಹಿಂದೆ ಹೋಗಬೇಕು. ಬಾಲ್ ಕೊಡಿ ಸರ್ ಅಂತ ಎಲ್ಲರೂ ಗೋಳಾಡುತ್ತಾರೆ. ಕಳೆದ ಭಾನುವಾರ ಹತ್ತು ವರ್ಷದ ಒಂದು ಹುಡುಗಿಗೆ ನಾನೇ ಸ್ಟಾಪರ್ ಆಗಿ ನಿಂತೆ. ವಿಂಗಿನಲ್ಲಿದ್ದ ಹುಡುಗ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ, ಬೇಗ ಕಟ್ಕೋ ಅಂತ ಆ ಕಡೆ ನೋಡಿದೆ. ತಿರುಗಿದಾಗ ಅವಳು ಇರಲಿಲ್ಲ.